ಮನೆಯ ಪಿಸಿಗೆ ಹೊರಗಿನ ವಾಟರ್ ಕೂಲಿಂಗ್: ಆರಿಸುವುದರಿಂದ ನೀರು ತುಂಬುವವರೆಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಗಂಟೆ ವಿಡಿಯೋ ರೆಂಡರಿಂಗ್‌ಗೆ ಹಚ್ಚಿದರೆ ಏನಾಗುತ್ತದೆ ಎಂಬುದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಎಲ್ಲರಿಗೂ ಗೊತ್ತು. ಮೊದಲು ಫ್ಯಾನುಗಳು ಅರಚುತ್ತವೆ, ಆಮೇಲೆ ಕೋಣೆ ಕಾದ ಕಾವಲಿಯಾಗುತ್ತದೆ, ಕೊನೆಗೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕಲಬುರಗಿ, ರಾಯಚೂರಿನ ಬೇಸಿಗೆಯನ್ನಂತೂ ಹೇಳಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ರೇಡಿಯೇಟರ್, ಫ್ಯಾನು, ಪಂಪು, ನೀರಿನ ಟ್ಯಾಂಕು ಎಲ್ಲವನ್ನೂ ಕ್ಯಾಬಿನೆಟ್ಟಿನಿಂದ ಹೊರಗೆ ತಂದು ಬೇರೆಯೇ ಒಂದು ಪೆಟ್ಟಿಗೆಯಲ್ಲಿ ಇಡುವ ಯೋಚನೆ ಬರುವುದು ಸಹಜ. ಪಿಸಿಯ ಒಳಗೆ ಉಳಿಯುವುದು ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ಒಳಗೆ ಹರಿಯುವ ನೀರಿಗೆ ದಾಟಿಸುವ ಲೋಹದ ಬ್ಲಾಕ್ ಮತ್ತು ಎರಡು ಪೈಪು ಮಾತ್ರ.

ಈ ಯೋಚನೆ ಹೊಸದಲ್ಲ. ಎರಡು ದಶಕಗಳ ಹಿಂದೆಯೇ ಕೊರಿಯಾದ ಝಲ್ಮನ್ ಕಂಪನಿ ರಿಸರೇಟರ್ ಎಂಬ ಅಲ್ಯೂಮಿನಿಯಂ ಗೋಪುರವನ್ನು ಮಾರುತ್ತಿತ್ತು. ಸುಮಾರು 60 ಸೆಂ.ಮೀ. ಎತ್ತರ, ಫ್ಯಾನೇ ಇಲ್ಲ, ಮೈತುಂಬ ರೆಕ್ಕೆಗಳು, ಒಳಗೆ ನೀರು ಮತ್ತು ಪಂಪು. ಅಂದಿನ ಪ್ರೊಸೆಸರ್‌ಗಳಿಗೆ ಅಷ್ಟು ಸಾಕಾಗಿತ್ತು. ಇಂದಿನ ಚಿಪ್ಪುಗಳ ಕಾವು ಬೇರೆ, ಹಾಗಾಗಿ ಆರಿಸುವ ಲೆಕ್ಕವೂ ಬೇರೆ.

ಆರು ವರ್ಷದಿಂದ ನಾನು ಮನೆಯಲ್ಲಿ ಇಂಥ ವ್ಯವಸ್ಥೆಯನ್ನೇ ಬಳಸುತ್ತಿದ್ದೇನೆ, ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಹೆಚ್ಚಿನವರು ರೇಡಿಯೇಟರ್ ಯಾವುದು, ಪಂಪು ಯಾವುದು ಎಂದು ಹುಡುಕುವುದರಿಂದ ಶುರು ಮಾಡುತ್ತಾರೆ. ಪೆಟ್ಟಿಗೆ ಮನೆಯ ಯಾವ ಮೂಲೆಯಲ್ಲಿ ಕೂರುತ್ತದೆ, ಎಷ್ಟು ವ್ಯಾಟ್ ಶಾಖ ಅಲ್ಲಿಗೆ ಹೋಗಬೇಕು ಎಂಬೆರಡನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದ ಮುಕ್ಕಾಲು ಪಾಲು ತಾನೇ ತೀರ್ಮಾನವಾಗುತ್ತದೆ.

ಮೊದಲು: ನಿಮಗೆ ಇದು ಬೇಕೇ?

ಪ್ರೊಸೆಸರ್ 125 ವ್ಯಾಟ್ ಒಳಗಿದ್ದು ಗ್ರಾಫಿಕ್ಸ್ ಕಾರ್ಡ್ 250 ವ್ಯಾಟ್ ದಾಟದಿದ್ದರೆ ಬೇಡ. ಒಳ್ಳೆಯ ಏರ್ ಕೂಲರ್, ಗಾಳಿ ಆಡುವ ಕ್ಯಾಬಿನೆಟ್, ಎರಡು ಹೆಚ್ಚುವರಿ ಫ್ಯಾನು ಸಾಕು. ಅದರ ಹತ್ತು ಪಟ್ಟು ಖರ್ಚು ಮಾಡಿ ನೀರು ಹರಿಸಿದರೂ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪ್ರೊಸೆಸರ್ ಒಂದೇ ಬಿಸಿಯಾಗುತ್ತಿದ್ದರೆ 360 ಮಿ.ಮೀ. ಎಐಒ ಕೂಲರ್, ಅಂದರೆ ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ಸಿದ್ಧ ವಾಟರ್ ಕೂಲರ್, ಸಾಕಾಗುತ್ತದೆ.

ಹೊರಗಿನ ವ್ಯವಸ್ಥೆಗೆ ನಿಜವಾದ ಅರ್ಥ ಬರುವುದು ಮೂರು ಸಂದರ್ಭದಲ್ಲಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 500 ವ್ಯಾಟ್ ಮೀರಿದಾಗ. ಸದ್ದು ನಿಮಗೆ ದೊಡ್ಡ ತೊಂದರೆಯಾದಾಗ, ಉದಾಹರಣೆಗೆ ಮನೆಯಲ್ಲೇ ಧ್ವನಿ ರೆಕಾರ್ಡ್ ಮಾಡುವವರಿಗೆ. ಇಲ್ಲವೇ ಶಾಖವನ್ನು ನೀವು ಕೂರುವ ಕೋಣೆಯಿಂದಲೇ ಆಚೆ ಸಾಗಿಸಬೇಕೆಂದಾಗ. ಮೂರನೆಯ ಲಾಭವನ್ನು ಬೇರೆ ಯಾವ ಕೂಲರೂ ಕೊಡಲಾರದು.

ಇನ್ನೊಂದು ವಿಷಯ ಮುಂಚೆಯೇ ತಿಳಿದಿರಲಿ. ನೀರು ಹರಿಸಿದಾಗ ಗ್ರಾಫಿಕ್ಸ್ ಕಾರ್ಡ್‌ಗೆ ಆಗುವಷ್ಟು ಲಾಭ ಪ್ರೊಸೆಸರ್‌ಗೆ ಆಗುವುದಿಲ್ಲ. ಗ್ರಾಫಿಕ್ಸ್ ಚಿಪ್ ಅಗಲವಾಗಿದ್ದು ಬ್ಲಾಕ್ ನೇರವಾಗಿ ಅದರ ಮೈಗೆ ತಾಗುತ್ತದೆ. ಪ್ರೊಸೆಸರ್‌ನಲ್ಲಿ ಶಾಖವೆಲ್ಲ ಉಗುರಗಲದ ಜಾಗದಲ್ಲಿ ಹುಟ್ಟಿ, ಮೇಲಿನ ಲೋಹದ ಮುಚ್ಚಳ ದಾಟಿ ಬರಬೇಕು. ರೈಜೆನ್ 9 7950ಎಕ್ಸ್ ಎಲ್ಲ ಕೋರುಗಳೂ ದುಡಿಯುವಾಗ 95 ಡಿಗ್ರಿಯ ತನಕ ಹೋಗುವಂತೆಯೇ ವಿನ್ಯಾಸವಾಗಿದೆ. ನೀರು ಎಷ್ಟೇ ತಣ್ಣಗಿದ್ದರೂ ಆ ಚಿಪ್ಪಿನಲ್ಲಿ 50 ಡಿಗ್ರಿ ನಿರೀಕ್ಷಿಸಬೇಡಿ.

ವ್ಯಾಟ್ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಚಿಪ್ಪುಗಳ ಗರಿಷ್ಠ ವಿದ್ಯುತ್ತನ್ನು ಬರೆಯಿರಿ. ತಯಾರಕರು ಟಿಡಿಪಿ ಎಂದು ಕೊಡುವ ಮೂಲ ಅಂಕಿ ಅಲ್ಲ, ಗರಿಷ್ಠ. ಇಂಟೆಲ್ ಪ್ರೊಸೆಸರ್ ಕೋರ್ ಐ9 14900ಕೆಯ ಮೂಲ ಅಂಕಿ 125 ವ್ಯಾಟ್, ಟರ್ಬೋ ಮಿತಿ 253 ವ್ಯಾಟ್. 7950ಎಕ್ಸ್‌ಗೆ 170 ವ್ಯಾಟ್ ಎಂದು ಬರೆದಿದ್ದರೂ ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ಟಿನಿಂದ 230 ವ್ಯಾಟ್ ವರೆಗೆ ಎಳೆಯುತ್ತದೆ. ಆರ್‌ಟಿಎಕ್ಸ್ 4080 ಕಾರ್ಡ್‌ಗೆ 320, 4090ಗೆ 450, 5090ಗೆ 575 ವ್ಯಾಟ್. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ, ಒಂದು ವ್ಯಾಟ್ ಕೂಡ ಬೇರೆಲ್ಲಿಗೂ ಹೋಗುವುದಿಲ್ಲ. ಆಟ ಆಡುವಾಗ ಎರಡೂ ಒಟ್ಟಿಗೆ ತುದಿ ಮುಟ್ಟುವುದು ಅಪರೂಪ. ಆದರೆ ರೆಂಡರಿಂಗ್, ಎಐ ಮಾಡೆಲ್ ತರಬೇತಿ ಮಾಡುವವರು ಪೂರ್ತಿ ಅಂಕಿಯನ್ನೇ ಹಿಡಿಯಬೇಕು. ನಾನು ಮುಂದಿನ ಲೆಕ್ಕಗಳಿಗೆ 600 ವ್ಯಾಟ್ ಹಿಡಿಯುತ್ತೇನೆ.

ನೀರಿನ ಗುಣ ನಮ್ಮ ಪರವಾಗಿದೆ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಬಿಸಿಯಾಗುವಾಗ ಸುಮಾರು 70 ವ್ಯಾಟ್ ಹೊತ್ತೊಯ್ಯುತ್ತದೆ. ಹಾಗಾಗಿ ನಿಮಿಷಕ್ಕೆ 3 ಲೀಟರ್ ಹರಿದರೆ 600 ವ್ಯಾಟ್ ಹೊತ್ತ ನೀರು ಒಂದು ಸುತ್ತಿನಲ್ಲಿ 3 ಡಿಗ್ರಿಯಷ್ಟೂ ಏರುವುದಿಲ್ಲ. ಹರಿವನ್ನು ಇನ್ನೂ ಇಮ್ಮಡಿ ಮಾಡಿದರೆ ಸಿಗುವ ಲಾಭ ಒಂದೂವರೆ ಡಿಗ್ರಿ ಮಾತ್ರ, ಪಂಪಿನ ಸದ್ದು ಮಾತ್ರ ಕಿವಿಗೆ ಬಡಿಯುತ್ತದೆ. ನಿಮಿಷಕ್ಕೆ ಒಂದು ಲೀಟರಿಗಿಂತ ಕೆಳಗಿಳಿಯದಿದ್ದರೆ ಸಾಕು, ಎರಡರಿಂದ ಮೂರು ಸಿಕ್ಕರೆ ಸುಖ.

ಕಷ್ಟ ಇರುವುದು ಗಾಳಿಯ ಕಡೆ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿಗೆ ಹೊತ್ತೊಯ್ಯುವುದು 20 ವ್ಯಾಟ್ ಮಾತ್ರ. ರೇಡಿಯೇಟರ್‌ನಿಂದ ಹೊರಬರುವ ಗಾಳಿ ಕೋಣೆಗಿಂತ 8 ಡಿಗ್ರಿ ಬಿಸಿ ಇರಲಿ ಎಂದುಕೊಂಡರೆ 600 ವ್ಯಾಟ್‌ಗೆ ನಿಮಿಷಕ್ಕೆ 3.75 ಘನ ಮೀಟರ್ ಗಾಳಿ ಬೇಕು. ಮೂರು ಫ್ಯಾನಿನ ರೇಡಿಯೇಟರ್ ಆದರೆ ಪ್ರತಿ ಫ್ಯಾನೂ 1.25 ಘನ ಮೀಟರ್ ತಳ್ಳಬೇಕು, ದಟ್ಟ ರೆಕ್ಕೆಗಳ ನಡುವೆ ಅಷ್ಟು ತಳ್ಳಲು ಪೂರ್ತಿ ವೇಗದಲ್ಲಿ ಕಿರುಚಬೇಕಾಗುತ್ತದೆ. ಒಂಬತ್ತು ಫ್ಯಾನು ಇದ್ದರೆ ತಲಾ 0.42 ಸಾಕು, ನಿಧಾನವಾಗಿ ತಿರುಗಿದರೂ ಆಗುತ್ತದೆ. ಹೊರಗಿನ ದೊಡ್ಡ ರೇಡಿಯೇಟರ್ ನಿಶ್ಶಬ್ದವಾಗಿರಲು ಕಾರಣ ಇದೊಂದೇ.

ಟ್ಯಾಂಕ್ ದೊಡ್ಡದಾದಷ್ಟೂ ತಂಪು ಹೆಚ್ಚು ಎಂದು ನಂಬಿರುವವರು ಬಹಳ. ಸೇರಿಸಿದ ನೀರು ಬಿಸಿಯಾಗುವುದನ್ನು ತಡಮಾಡುತ್ತದೆ, ಅಷ್ಟೇ. 20 ಲೀಟರ್ ಬಕೆಟ್ ತುಂಬ ನೀರಿಟ್ಟು ರೇಡಿಯೇಟರ್ ಇಲ್ಲದೆ 600 ವ್ಯಾಟ್ ಸುರಿದರೆ ಒಂದು ಗಂಟೆಯಲ್ಲಿ ಆ ನೀರು ಸುಮಾರು 26 ಡಿಗ್ರಿ ಏರುತ್ತದೆ. ಶಾಖ ಹೊರಹೋಗುವುದು ರೇಡಿಯೇಟರ್‌ನ ರೆಕ್ಕೆಗಳಿಂದಲೇ. ದುಡ್ಡನ್ನು ಅಲ್ಲಿಗೆ ಹಾಕಿ.

ಪೆಟ್ಟಿಗೆಗೆ ಜಾಗ

ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಟ್ಟರೂ ತಪ್ಪಿಲ್ಲ. ಟೇಪು ಹಿಡಿದು ಪಿಸಿಯ ಹಿಂಭಾಗದಿಂದ ಪೆಟ್ಟಿಗೆ ಇಡುವ ಜಾಗಕ್ಕೆ ಗೋಡೆಯ ಅಂಚಿನಲ್ಲಿ ಪೈಪು ಹಾಯುವ ದಾರಿಯನ್ನೇ ಅಳೆಯಿರಿ, ನೇರ ದೂರವನ್ನಲ್ಲ.

ರೇಡಿಯೇಟರ್ ಕೋಣೆಯೊಳಗೇ ಇದ್ದರೆ ಚಿಪ್ ತಣ್ಣಗಾಗುತ್ತದೆ, ನೀವು ತಣ್ಣಗಾಗುವುದಿಲ್ಲ. 600 ವ್ಯಾಟ್ ಎಂದರೆ ಒಂದು ಸಣ್ಣ ರೂಮ್ ಹೀಟರ್. ಒಂದು ಟನ್ ಎಸಿಯ ಶಕ್ತಿ 3,500 ವ್ಯಾಟ್, ಅದರ ಆರನೇ ಒಂದು ಭಾಗವನ್ನು ಪಿಸಿಯೇ ತಿಂದುಬಿಡುತ್ತದೆ. ಹಾಗಾಗಿ ಸಾಧ್ಯವಿದ್ದರೆ ಪೆಟ್ಟಿಗೆಯನ್ನು ಪಕ್ಕದ ಪ್ಯಾಸೇಜಿಗೋ ಯುಟಿಲಿಟಿಗೋ ಕಿಟಕಿಯ ಪಕ್ಕಕ್ಕೋ ಸಾಗಿಸಿ. ಎಸಿ ಪೈಪಿಗೆಂದು ಗೋಡೆಯಲ್ಲಿ ಕೊರೆದ ತೂತು ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪೂರ್ತಿ ಹೊರಗೆ, ಬಾಲ್ಕನಿಯಲ್ಲಿ ಇಡಬಹುದೇ? ಮೈಸೂರು, ಬೆಂಗಳೂರಿನಲ್ಲಿ ನೆರಳಿರುವ ಬಾಲ್ಕನಿ ಪರವಾಗಿಲ್ಲ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇರುವಾಗ ಎಸಿ ಹಾಕಿದ ಕೋಣೆಯ 27 ಡಿಗ್ರಿ ಬಿಟ್ಟು ಹೊರಗಿನ ಬಿಸಿಗಾಳಿಗೆ ನೀರನ್ನು ಒಡ್ಡಿದರೆ ಚಿಪ್ಪಿನ ಪಾಡು ಹಿಂದಿಗಿಂತ ಕೆಡುತ್ತದೆ. ರೇಡಿಯೇಟರ್ ನೀರನ್ನು ತನ್ನ ಸುತ್ತಲ ಗಾಳಿಗಿಂತ ತಂಪು ಮಾಡಲಾರದು. ಕರಾವಳಿಯವರಿಗೆ ಬೇರೆ ತೊಂದರೆ: ಉಪ್ಪುಗಾಳಿ ತೆಳ್ಳನೆಯ ರೆಕ್ಕೆಗಳನ್ನು ತಿನ್ನುತ್ತದೆ. ಸಮುದ್ರಕ್ಕೆ ಹತ್ತಿರವಿದ್ದರೆ ಪೆಟ್ಟಿಗೆ ಮನೆಯೊಳಗೇ ಇರಲಿ.

ಎತ್ತರದ ಬಗ್ಗೆ ಕೇಳುವವರಿದ್ದಾರೆ. ಪೈಪೆಲ್ಲ ನೀರು ತುಂಬಿ ಮುಚ್ಚಿದ ಸುತ್ತಾದ ಮೇಲೆ ಏರಿಸಿದ ನೀರಿನ ಭಾರ, ಇಳಿಯುವ ನೀರಿನ ಭಾರ ಸಮವಾಗುತ್ತವೆ. ಪಂಪಿಗೆ ಎತ್ತರ ತಡೆಯಾಗುವುದು ಮೊದಲ ಸಲ ತುಂಬುವಾಗ ಮಾತ್ರ. ಆದರೂ ಪೆಟ್ಟಿಗೆಯನ್ನು ಪಿಸಿಗಿಂತ ಕೆಳಗೆ, ನೆಲದ ಮಟ್ಟದಲ್ಲಿ ಇಡಿ ಎಂದೇ ನನ್ನ ಸಲಹೆ. ಅಟ್ಟದ ಮೇಲಿಟ್ಟರೆ ಪಿಸಿಯೊಳಗಿನ ಜೋಡಣೆಗಳ ಮೇಲೆ ಪ್ರತಿ ಮೀಟರಿಗೆ 0.1 ಬಾರ್ ಒತ್ತಡ ಯಾವಾಗಲೂ ಇರುತ್ತದೆ. ಒಂದು ಜೋಡಣೆ ಬಿಟ್ಟುಕೊಂಡರೆ ಟ್ಯಾಂಕಿನಲ್ಲಿರುವುದೆಲ್ಲ ಮದರ್‌ಬೋರ್ಡ್ ಮೇಲೆ ಸುರಿಯುತ್ತದೆ. ನೆಲದಲ್ಲಿದ್ದರೆ, ಪಂಪು ನಿಂತಾಗಲಾದರೂ, ಸೋರುವ ಜಾಗ ಗಾಳಿ ಎಳೆದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಮಳೆಗಾಲದಲ್ಲಿ ಮೇಜಿನ ಹಿಂದಿನ ನೆಟ್‌ವರ್ಕ್ ಕೇಬಲ್ಲನ್ನು ಇಲಿ ಕತ್ತರಿಸಿದ್ದನ್ನು ನೋಡಿದ ದಿನವೇ ನಾನು ನೀರಿನ ಪೈಪುಗಳಿಗೆ ಉಕ್ಕಿನ ಸುರುಳಿಯ ಹೊದಿಕೆ ಹಾಕಿಸಿದೆ. ಗ್ಯಾಸ್ ಪೈಪಿಗೆ, ಬೈಕಿನ ಬ್ರೇಕ್ ಪೈಪಿಗೆ ಹಾಕುವಂಥದ್ದೇ ಸಿಗುತ್ತದೆ. ಮಕ್ಕಳು ಓಡಾಡುವ ಮನೆಯಾದರೆ ಪೈಪನ್ನು ನೆಲದ ಮೇಲೆ ಬಿಡದೆ ಗೋಡೆಗೆ ಕ್ಲಿಪ್ ಹೊಡೆಯಿರಿ. ಕಾಲಿಗೆ ಸಿಕ್ಕ ಪೈಪು ಪಿಸಿಯನ್ನೇ ಮೇಜಿನಿಂದ ಎಳೆದು ಹಾಕಬಲ್ಲದು.

ರೇಡಿಯೇಟರ್

ಮನೆಬಳಕೆಯಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ವಾಟರ್‌ಕೂಲ್ ಕಂಪನಿಯ ಮೋ-ರಾ3 ರೇಡಿಯೇಟರ್. 360 ಮಾದರಿಗೆ 120 ಮಿ.ಮೀ. ಫ್ಯಾನು ಒಂಬತ್ತು, 420 ಮಾದರಿಗೆ 140 ಮಿ.ಮೀ. ಒಂಬತ್ತು ಅಥವಾ 200 ಮಿ.ಮೀ. ನಾಲ್ಕು ಕೂರುತ್ತವೆ. ಮುಖದ ವಿಸ್ತೀರ್ಣ ಲೆಕ್ಕ ಹಾಕಿದರೆ ಕ್ಯಾಬಿನೆಟ್ಟಿನೊಳಗಿನ ಸಾಮಾನ್ಯ 360 ರೇಡಿಯೇಟರ್‌ಗಿಂತ ಮೊದಲನೆಯದು ಮೂರು ಪಟ್ಟು, ಎರಡನೆಯದು ನಾಲ್ಕು ಪಟ್ಟು. ಜರ್ಮನಿಯದೇ ಆಕ್ವಾ ಕಂಪ್ಯೂಟರ್‌ನ ಗಿಗಾಂಟ್ ಇನ್ನೂ ದೊಡ್ಡ ಗೋಪುರ. 500ರಿಂದ 600 ವ್ಯಾಟ್‌ಗೆ 360 ಮಾದರಿ ಸಾಕು. 420 ತೆಗೆದುಕೊಳ್ಳುವುದಾದರೆ ಸದ್ದು ಇನ್ನಷ್ಟು ಇಳಿಸಲು, ಅಥವಾ ಮುಂದೆ ಇನ್ನೊಂದು ಕಾರ್ಡ್ ಸೇರಿಸುವ ಆಲೋಚನೆ ಇದ್ದರೆ.

ಪ್ರತಿ 100 ವ್ಯಾಟ್‌ಗೆ ಒಂದು 120 ಮಿ.ಮೀ. ಫ್ಯಾನಿನಷ್ಟು ರೇಡಿಯೇಟರ್ ಜಾಗ ಎಂಬ ಬಾಯಿಮಾತಿನ ಲೆಕ್ಕ ಚಾಲ್ತಿಯಲ್ಲಿದೆ. ನಮ್ಮ ಹವೆಗೆ, ಮೆಲ್ಲಗೆ ತಿರುಗುವ ಫ್ಯಾನಿಗೆ ಅದು ಬಿಗಿಯಾಯಿತು. ನಾನು 70 ವ್ಯಾಟ್‌ಗೆ ಒಂದು ಎಂದು ಹಿಡಿಯುತ್ತೇನೆ. ಗುರಿ ಇಷ್ಟು: ಪೂರ್ತಿ ಹೊರೆಯಲ್ಲಿ ನೀರು ಕೋಣೆಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು. ಕೋಣೆ 33 ಇದ್ದರೆ ನೀರು 43. ಸಾಮಾನ್ಯ ಪಂಪುಗಳ ಮಿತಿ 60 ಡಿಗ್ರಿ, ಅದರ ಹತ್ತಿರಕ್ಕೂ ಸುಳಿಯಬಾರದು.

ರೆಕ್ಕೆಗಳ ದಟ್ಟಣೆಯನ್ನು ಗಮನಿಸಿ. ತೀರಾ ದಟ್ಟವಾದುದಕ್ಕೆ ವೇಗದ ಫ್ಯಾನು ಬೇಕು, ಮೇಲಾಗಿ ನಮ್ಮ ರಸ್ತೆಬದಿಯ ಮನೆಗಳ ಧೂಳು ಎರಡೇ ತಿಂಗಳಲ್ಲಿ ಕಂಬಳಿ ಹೊದಿಸುತ್ತದೆ. ವಿರಳ ರೆಕ್ಕೆಯದನ್ನೇ ಆರಿಸಿ, ಎದುರಿಗೆ ತೊಳೆಯಬಹುದಾದ ನೈಲಾನ್ ಜಾಲರಿ ಕಟ್ಟಿ.

ಕಾರಿನ ರೇಡಿಯೇಟರ್ ಅಥವಾ ಹಳೆಯ ಎಸಿಯ ಕಾಯಿಲ್ ಹಾಕಬಹುದಲ್ಲ ಎಂದು ಕೇಳುವವರು ಸಿಗುತ್ತಾರೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವುದು ನಿಜ. ಇಂದಿನ ಕಾರಿನ ರೇಡಿಯೇಟರ್‌ಗಳು ಅಲ್ಯೂಮಿನಿಯಂ, ಹಳೆಯವುಗಳ ಒಳಗೆ ವರ್ಷಗಳ ಕಿಲುಬು. ಯಾಕೆ ಬೇಡ ಎಂಬುದು ಮುಂದಿನ ಮಾತಿನಲ್ಲಿದೆ.

ಲೋಹ ಬೆರೆಸಬೇಡಿ

ನನ್ನ ಮೊದಲ ಸೆಟ್‌ನಲ್ಲಿ ಬ್ಲಾಕ್ ತಾಮ್ರದ್ದು, ರೇಡಿಯೇಟರ್ ಅಲ್ಯೂಮಿನಿಯಂ. ಮಾರಿದವರು ಲೋಹ ಯಾವುದೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಏಳನೇ ತಿಂಗಳಿಗೆ ಪ್ರೊಸೆಸರ್ ಹಿಂದಿಗಿಂತ 12 ಡಿಗ್ರಿ ಬಿಸಿ. ಬ್ಲಾಕ್ ಬಿಚ್ಚಿದರೆ ಕೂದಲೆಳೆಯಂಥ ಕಾಲುವೆಗಳಲ್ಲಿ ಬೂದುಬಣ್ಣದ ಕೆಸರು ಗಟ್ಟಿಯಾಗಿ ಕೂತಿತ್ತು. ರೇಡಿಯೇಟರ್‌ನ ಒಳಮೈ ಕರಗಿ ಬ್ಲಾಕಿಗೆ ಬಂದು ಸೇರಿತ್ತು.

ಎರಡು ಬೇರೆ ಲೋಹಗಳನ್ನು ನೀರಿನಿಂದ ಬೆಸೆದರೆ ಅದೊಂದು ಬ್ಯಾಟರಿಯಾಗುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಅಂಗಡಿಯ ಎಐಒ ಕೂಲರ್‌ಗಳಲ್ಲೂ ಈ ಎರಡು ಲೋಹ ಇರುತ್ತವೆ, ಅಲ್ಲಿ ತುಕ್ಕುತಡೆ ರಾಸಾಯನಿಕ ಬೆರೆಸಿ ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ. ನೀವು ಬಿಚ್ಚಿ ಕಟ್ಟುವ ವ್ಯವಸ್ಥೆಯಲ್ಲಿ ಆ ಭರವಸೆ ಇಲ್ಲ. ನಿಯಮ ಸರಳ: ನೀರು ತಾಗುವುದೆಲ್ಲ ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ, ಸ್ಟೇನ್‌ಲೆಸ್ ಉಕ್ಕು ಅಥವಾ ಪ್ಲಾಸ್ಟಿಕ್ ಆಗಿರಲಿ. ರೇಡಿಯೇಟರ್‌ನ ಹೊರ ರೆಕ್ಕೆ ಅಲ್ಯೂಮಿನಿಯಂ ಆಗಿದ್ದರೆ ತೊಂದರೆ ಇಲ್ಲ, ಒಳಗಿನ ಕೊಳವೆ ತಾಮ್ರದ್ದೇ ಎಂದು ಖಚಿತ ಮಾಡಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಮೊದಲ ಪ್ರಶ್ನೆ ಇದೇ ಆಗಲಿ. ಉತ್ತರ ಸಿಗದ ಸರಕು ಬೇಡ.

ಪಂಪು ಮತ್ತು ಟ್ಯಾಂಕು

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿ5 ಮತ್ತು ಡಿಡಿಸಿ ಎಂಬ ಎರಡು ಪಂಪುಗಳೇ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬರುತ್ತವೆ. ಎರಡೂ 12 ವೋಲ್ಟ್. ಡಿಡಿಸಿ ಚಿಕ್ಕದು, ಒತ್ತುವ ಬಲ ಜಾಸ್ತಿ, ಬಿಸಿಯೂ ಸದ್ದೂ ತುಸು ಹೆಚ್ಚು. ಡಿ5 ದೊಡ್ಡದು, ಮೆತ್ತಗೆ ಓಡುತ್ತದೆ, ಸುಮಾರು 4 ಮೀಟರ್ ಎತ್ತರದಷ್ಟು ಒತ್ತಬಲ್ಲದು. ಮನೆಗೆ ಡಿ5 ನನ್ನ ಆಯ್ಕೆ. ಪೈಪು ಉದ್ದವಿದ್ದು ಎರಡು ಬ್ಲಾಕ್‌ಗಳೂ ಇದ್ದರೆ ಎರಡು ಡಿ5ಗಳನ್ನು ಸಾಲಾಗಿ ಜೋಡಿಸಿ ನಿಧಾನಕ್ಕೆ ಓಡಿಸಿ, ಒಂದು ಕೆಟ್ಟರೂ ಇನ್ನೊಂದು ನೀರು ಹರಿಸುತ್ತಿರುತ್ತದೆ.

ಟ್ಯಾಂಕ್ ಪಂಪಿಗಿಂತ ಮೇಲಿರಬೇಕು, ಇದರಲ್ಲಿ ರಾಜಿ ಇಲ್ಲ. ಈ ಪಂಪುಗಳ ಬೇರಿಂಗಿಗೆ ಎಣ್ಣೆಯೂ ತಂಪೂ ಎರಡೂ ನೀರೇ. ಒಣಗಿ ಓಡಿದರೆ ನಿಮಿಷಗಳಲ್ಲಿ ಹಾಳಾಗುತ್ತದೆ. ಟ್ಯಾಂಕಿನ ಗಾತ್ರ ಕಾಲು ಲೀಟರ್ ಇದ್ದರೂ ನಡೆಯುತ್ತದೆ, ನೀರಿನ ಮಟ್ಟ ಹೊರಗಿನಿಂದ ಕಾಣುವಂತಿರಲಿ.

ಸಿದ್ಧ ಪೆಟ್ಟಿಗೆಯೋ, ಬಿಡಿ ಭಾಗಗಳೋ?

ಆಲ್ಫಾಕೂಲ್‌ನ ಐಸ್‌ವಾಂಡ್, ಅಮೆರಿಕದ ಕೂಲಾನ್ಸ್‌ನ ಎಕ್ಸೋಸ್ ಥರದವು ರೇಡಿಯೇಟರ್, ಪಂಪು, ಟ್ಯಾಂಕು ಸೇರಿಸಿದ ಸಿದ್ಧ ಪೆಟ್ಟಿಗೆಗಳು. ಲ್ಯಾಪ್‌ಟಾಪಿಗೂ ಇಂಥದು ಬಂದಿದೆ, 2022ರಲ್ಲಿ ಜರ್ಮನಿಯ ಎಕ್ಸ್‌ಎಂಜಿ ತನ್ನ ನಿಯೋ ಲ್ಯಾಪ್‌ಟಾಪಿಗೆ ಒಯಾಸಿಸ್ ಎಂಬ ಹೊರಗಿನ ನೀರಿನ ಪೆಟ್ಟಿಗೆ ಕೊಟ್ಟಿತು. ಸಿದ್ಧ ಪೆಟ್ಟಿಗೆಯ ಸುಖ ಏನೆಂದರೆ ಅರ್ಧ ದಿನದ ಕೆಲಸ. ಕಷ್ಟ ಏನೆಂದರೆ ಅದರ ಪಂಪು ಕೆಟ್ಟರೆ ಬಿಡಿಭಾಗ ನಮ್ಮಲ್ಲಿ ಸಿಗುವುದು ಕಷ್ಟ, ಹೊರದೇಶದಿಂದ ತರಿಸುವವರೆಗೆ ಪಿಸಿ ಮೂಲೆ ಸೇರುತ್ತದೆ. ಬಿಡಿಯಾಗಿ ಕಟ್ಟಿದರೆ ಜಿ 1/4 ಎಂಬ ಒಂದೇ ಅಳತೆಯ ತಿರುಪಿನ ಮರೆ ಎಲ್ಲ ಕಂಪನಿಗಳ ಭಾಗಗಳಲ್ಲೂ ಇರುವುದರಿಂದ ಯಾವುದನ್ನು ಬೇಕಾದರೂ ಬದಲಿಸಬಹುದು. ಭಾರತದಲ್ಲಿ ಕುಳಿತು ಕಟ್ಟುವವರಿಗೆ ಬಿಡಿ ಭಾಗವೇ ಸರಿ ಎಂದು ನನಗೆ ಅನುಭವದಿಂದ ಅನ್ನಿಸಿದೆ. ಭಾರವಾದ ರೇಡಿಯೇಟರ್‌ಗೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಎಷ್ಟಾಗುತ್ತದೆಂದು ಆರ್ಡರ್ ಮಾಡುವ ಮೊದಲೇ ಕೂಡಿಸಿ ನೋಡಿ.

ಚಿಲ್ಲರ್ ಎಂಬುದು ಬೇರೆ ಜಾತಿ. ಅದರಲ್ಲಿ ಫ್ರಿಜ್ಜಿನಂತೆ ಕಂಪ್ರೆಸರ್ ಇದ್ದು ನೀರನ್ನು ಕೋಣೆಗಿಂತ ತಂಪು ಮಾಡುತ್ತದೆ. ಮಂಗಳೂರಿನ 30 ಡಿಗ್ರಿ, 80 ಶೇಕಡಾ ತೇವದ ಕೋಣೆಯಲ್ಲಿ 26 ಡಿಗ್ರಿಗಿಂತ ತಣ್ಣಗಾದ ಯಾವ ಮೈಮೇಲೂ ಬೆವರುಹನಿ ಕಟ್ಟುತ್ತದೆ, ಪಿಸಿಯೊಳಗಿನ ಬ್ಲಾಕಿನ ಮೇಲೂ. ಮನೆಗೆ ಬೇಡ.

ಪೈಪು ಮತ್ತು ಕಪ್ಲರ್

ಒಳವ್ಯಾಸ 10 ಮಿ.ಮೀ., ಹೊರವ್ಯಾಸ 16 ಮಿ.ಮೀ. ಪೈಪು ಒಳ್ಳೆಯ ಅಳತೆ. ಗೋಡೆ ದಪ್ಪವಿರುವುದರಿಂದ ತಿರುವಿನಲ್ಲಿ ಮಡಿಚಿಕೊಳ್ಳುವುದಿಲ್ಲ. ಪಾರದರ್ಶಕ ಪಿವಿಸಿ ನೋಡಲು ಚೆಂದ, ಆದರೆ ಅದರೊಳಗಿನ ಮೆದುಕಾರಕ ನಿಧಾನವಾಗಿ ನೀರಿಗಿಳಿದು ಬ್ಲಾಕಿನಲ್ಲಿ ಅಂಟಾಗಿ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಪೈಪಿಗೆ ಆ ರೋಗ ಇಲ್ಲ. ಎರಡು ಮೀಟರ್ ಪೈಪು ಮನೆಯ ನಡುವೆ ಹಾಯುವಾಗ ಚೆಂದ ನೋಡಬೇಡಿ, ರಬ್ಬರ್ ತೆಗೆದುಕೊಳ್ಳಿ.

ಹೊರಗಿನ ವ್ಯವಸ್ಥೆಯ ಪ್ರಾಣ ಇರುವುದು ಕ್ವಿಕ್ ಕಪ್ಲರ್‌ನಲ್ಲಿ. ಎಳೆದರೆ ಎರಡೂ ಕಡೆ ತಾನೇ ಮುಚ್ಚಿಕೊಂಡು ಒಂದೆರಡು ಹನಿಯಷ್ಟೇ ಬೀಳುವ ಜೋಡಣೆ ಇದು. ಇದಿಲ್ಲದಿದ್ದರೆ ಮನೆ ಬದಲಿಸುವಾಗ, ಕಾರ್ಡ್ ತೆಗೆಯುವಾಗ, ಕಡೆಗೆ ಕಸ ಗುಡಿಸುವಾಗಲೂ ಲೀಟರುಗಟ್ಟಲೆ ನೀರು ಬಸಿಯಬೇಕು. ಕೂಲಾನ್ಸ್‌ನ ಕ್ಯೂಡಿ3 ಹಳೆಯ ನಂಬಿಕಸ್ಥ, ಆಲ್ಫಾಕೂಲ್‌ನ ಐಸ್‌ಜಾಪ್ಫೆನ್ ಕೂಡ ಬಳಕೆಯಲ್ಲಿದೆ. ಬಜೆಟ್ ಬಿಗಿಯಾದರೆ ಫ್ಯಾನಿನಲ್ಲಿ, ಟ್ಯಾಂಕಿನಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ. ಹೆಸರಿಲ್ಲದ ಅಗ್ಗದ ಕಪ್ಲರ್‌ಗಳಲ್ಲಿ ಒಳಗಿನ ಸ್ಪ್ರಿಂಗ್ ಯಾವ ಲೋಹದ್ದೆಂದೂ ಗೊತ್ತಾಗುವುದಿಲ್ಲ.

ಎರಡು ಜೋಡಿ ಕೊಳ್ಳಿ. ಪಿಸಿಯ ಹಿಂಭಾಗದಲ್ಲಿ, ಕ್ಯಾಬಿನೆಟ್ಟಿನ ಹೊರಗೆ, ಹೋಗುವ ಪೈಪಿಗೊಂದು ಬರುವ ಪೈಪಿಗೊಂದು. ಒಂದರಲ್ಲಿ ಗಂಡುಭಾಗ ಪಿಸಿ ಕಡೆಗೂ ಇನ್ನೊಂದರಲ್ಲಿ ಪೆಟ್ಟಿಗೆ ಕಡೆಗೂ ಬರುವಂತೆ ಹಾಕಿದರೆ ತಿರುಗಾಮುರುಗಾ ಜೋಡಿಸುವ ಪ್ರಮೇಯವೇ ಬರುವುದಿಲ್ಲ. ಕ್ಯಾಬಿನೆಟ್ಟಿನಿಂದ ಪೈಪು ಹೊರತರಲು ಪಿಸಿಐ ಸ್ಲಾಟಿನ ಜಾಗದಲ್ಲಿ ಕೂರುವ ಪಟ್ಟಿ ಸಿಗುತ್ತದೆ.

ಬ್ಲಾಕ್

ಪ್ರೊಸೆಸರ್ ಬ್ಲಾಕ್‌ಗೆ ಸಾಕೆಟ್ ನೋಡಿದರೆ ಸಾಕು. ಗ್ರಾಫಿಕ್ಸ್ ಕಾರ್ಡ್‌ಗೆ ಹಾಗಲ್ಲ, ಒಂದೇ 4080 ಹೆಸರಿನಲ್ಲಿ ಪ್ರತಿ ಕಂಪನಿಯ ಬೋರ್ಡೂ ಬೇರೆ. ನಿಮ್ಮ ಕಾರ್ಡಿನ ಪೂರ್ಣ ಮಾದರಿ ಹೆಸರು ಹಿಡಿದು ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನೋಡಿ. ಕಾರ್ಡಿನ ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಏನಾಗುತ್ತದೆಂದು ಮಾರಿದವರಿಂದ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ವಿದ್ಯುತ್ ಮತ್ತು ಕಾವಲು

ಪೆಟ್ಟಿಗೆಗೆ ಬೇರೆ ಅಡಾಪ್ಟರ್ ಹಾಕುವುದು ಸುಲಭ ಎನಿಸುತ್ತದೆ. ಅಪಾಯ ಅಲ್ಲೇ. ಕರೆಂಟ್ ಹೋಗಿ ಬಂದಾಗ, ಅಥವಾ ಯಾರೋ ಸ್ವಿಚ್ ಆರಿಸಿದಾಗ ಪಿಸಿ ಓಡುತ್ತಿದ್ದು ಪಂಪು ನಿಂತಿರಬಹುದು. ಪಂಪಿಗೂ ಫ್ಯಾನಿಗೂ ಪಿಸಿಯ ಪವರ್ ಸಪ್ಲೈಯಿಂದಲೇ 12 ವೋಲ್ಟ್ ಎಳೆಯಿರಿ, ಪಿಸಿ ಹತ್ತಿದರೆ ಪಂಪೂ ಹತ್ತುತ್ತದೆ. ಮದರ್‌ಬೋರ್ಡಿನಲ್ಲಿ ಫ್ಯಾನಿನ ತಂತಿ ಚುಚ್ಚುವ ಪಿನ್ನುಗಳು, ಅಂದರೆ ಫ್ಯಾನ್ ಹೆಡರ್, ಸಾಮಾನ್ಯವಾಗಿ ಒಂದು ಆಂಪಿಯರ್ ಮಾತ್ರ ಕೊಡುತ್ತದೆ. ಒಂಬತ್ತು ಫ್ಯಾನು ತಲಾ 0.15 ಎಂದರೂ 1.35 ಆಂಪಿಯರ್. ಹಾಗಾಗಿ ಪವರ್ ಸಪ್ಲೈಯ ಸಾಟಾ ಕೇಬಲ್‌ನಿಂದ ಶಕ್ತಿ ಪಡೆಯುವ ಫ್ಯಾನ್ ಹಬ್ ಹಾಕಿ, ಹೆಡರ್‌ನಿಂದ ವೇಗದ ಸೂಚನೆ ಮಾತ್ರ ಹೋಗಲಿ.

ಪಂಪಿನ ವೇಗ ತಿಳಿಸುವ ತಂತಿಯನ್ನು ಸಿಪಿಯು ಫ್ಯಾನ್ ಹೆಡರ್‌ಗೆ ಚುಚ್ಚಿ, ಪಿಸಿಯ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಫ್ಯಾನ್ ನಿಂತರೆ ಎಚ್ಚರಿಸುವ ಆಯ್ಕೆ ಹಾಕಿಡಿ. ಒಂದು ನೀರಿನ ತಾಪಮಾಪಕ ಕೊಳ್ಳಿ, ಅಗ್ಗದ್ದೇ. ಫ್ಯಾನಿನ ವೇಗವನ್ನು ಚಿಪ್ಪಿನ ಬಿಸಿಗೆ ಬದಲು ನೀರಿನ ಬಿಸಿಗೆ ಕಟ್ಟಿ. ಚಿಪ್ಪಿನ ಬಿಸಿ ಕ್ಷಣಕ್ಕೊಮ್ಮೆ ಜಿಗಿಯುತ್ತದೆ, ಫ್ಯಾನುಗಳೂ ಜಿಗಿಜಿಗಿ ಸದ್ದು ಮಾಡುತ್ತವೆ. ನೀರು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ, ಕೋಣೆ ಶಾಂತವಾಗಿರುತ್ತದೆ.

ಯಾವ ನೀರು?

ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗೀಸರ್ ಕಾಯಿಲಿನ ಮೇಲೆ ಕಟ್ಟುವ ಬಿಳಿ ಸುಣ್ಣ ಬ್ಲಾಕಿನ ಕಾಲುವೆಗಳಲ್ಲೂ ಕಟ್ಟುತ್ತದೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬಂಕ್‌ಗಳಲ್ಲಿ ಸಿಗುವ ಬ್ಯಾಟರಿ ನೀರಿನಲ್ಲಿ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು, ತುಕ್ಕು ಮತ್ತು ಪಾಚಿ ಎರಡನ್ನೂ ತಡೆಯುವ ಪಿಸಿ ಕೂಲಂಟ್ ಸಾರವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ. ಬರಿಯ ಡಿಸ್ಟಿಲ್ಡ್ ನೀರು ಶುರುವಿಗೆ ಚೆನ್ನಾಗಿದ್ದರೂ ನಮ್ಮ ಸೆಕೆಯಲ್ಲಿ ಬೇಗ ಪಾಚಿ ಹಿಡಿಯುತ್ತದೆ. ಹಾಲಿನಂಥ ಬಣ್ಣದ, ಮಿನುಗುವ ದ್ರವಗಳಲ್ಲಿ ಘನ ಕಣಗಳಿರುತ್ತವೆ, ಅವು ಒಂದಲ್ಲ ಒಂದು ದಿನ ತಳ ಸೇರುತ್ತವೆ.

ಜೋಡಣೆಯ ದಿನ

ಹೊಸ ರೇಡಿಯೇಟರ್‌ನೊಳಗೆ ಬೆಸುಗೆಯ ಕಸ ಇದ್ದೇ ಇರುತ್ತದೆ. ಬಿಸಿ ಮಾಡಿದ ಡಿಸ್ಟಿಲ್ಡ್ ನೀರು ಅರ್ಧ ತುಂಬಿ, ಕುಲುಕಿ, ಬಿಳಿ ಪಾತ್ರೆಗೆ ಸುರಿಯಿರಿ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಿ, ನನಗೆ ಐದು ಸಲ ಬೇಕಾಯಿತು.

ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ, ಓರೆಯಾದ ತುದಿ ಸೋರುತ್ತದೆ. ಫಿಟ್ಟಿಂಗನ್ನು ಕೈಯಿಂದಲೇ ಬಿಗಿ ಮಾಡಿ. ಸೋರದಂತೆ ತಡೆಯುವುದು ರಬ್ಬರಿನ ಓ-ರಿಂಗ್, ಸ್ಪ್ಯಾನರಿನ ಬಲವಲ್ಲ. ಹೆಚ್ಚು ತಿರುವಿದರೆ ಅಕ್ರಿಲಿಕ್ ಬ್ಲಾಕ್ ಬಿರುಕು ಬಿಡುತ್ತದೆ.

ನೀರು ಹಾಕುವ ಮೊದಲು ಗಾಳಿ ಪರೀಕ್ಷೆ. ಕೈಪಂಪು ಮತ್ತು ಮಾಪಕ ಇರುವ ಸಣ್ಣ ಸಾಧನ ಸಿಗುತ್ತದೆ. ಪೈಪಿನ ಸುತ್ತಿನೊಳಗೆ ಅರ್ಧ ಬಾರ್ ಒತ್ತಡದ ಗಾಳಿ ತುಂಬಿ ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯದಿದ್ದರೆ ನೀರು ತುಂಬಿ. ಇಳಿದರೆ ಸಾಬೂನು ನೊರೆ ಹಚ್ಚಬೇಡಿ, ಒಂದೊಂದೇ ಭಾಗವನ್ನು ಕಪ್ಲರ್‌ನಲ್ಲಿ ಬೇರ್ಪಡಿಸಿ ಪರೀಕ್ಷಿಸಿದರೆ ಸೋರುವ ಕಡೆ ಸಿಕ್ಕಿಬೀಳುತ್ತದೆ.

ತುಂಬುವಾಗ ಮದರ್‌ಬೋರ್ಡಿನ 24 ಪಿನ್, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕೇಬಲ್‌ಗಳನ್ನೆಲ್ಲ ಕಿತ್ತಿಡಿ. ಪಂಪಿಗೆ ಮಾತ್ರ ವಿದ್ಯುತ್ ಇರಲಿ. ಪವರ್ ಸಪ್ಲೈಯನ್ನು ಒಂಟಿಯಾಗಿ ಹಚ್ಚಲು 24 ಪಿನ್‌ನ ಸಿದ್ಧ ಜಂಪರ್ ಪ್ಲಗ್ ಬಳಸಿ. ಟ್ಯಾಂಕ್ ತುಂಬಿಸಿ, ಪಂಪನ್ನು ಐದು ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿಸಿ. ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಪೈಪೆಲ್ಲ ತುಂಬಿದ ಮೇಲೆ ರೇಡಿಯೇಟರ್ ಪೆಟ್ಟಿಗೆಯನ್ನು ಎಡಕ್ಕೆ ಬಲಕ್ಕೆ ಓರೆಯಾಗಿಸಿ ಗುಳ್ಳೆ ಬಿಡಿಸಿ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು ಒಂದು ರಾತ್ರಿ ಒಂದು ಹಗಲು ಪಂಪು ಓಡಲಿ. ಕಾಗದ ಒಣಗಿದ್ದರೆ ಮಾತ್ರ ಕೇಬಲ್‌ಗಳನ್ನು ಮರಳಿ ಚುಚ್ಚಿ.

ಮೊದಲ ವಾರ ಮತ್ತು ಆಮೇಲೆ

ಒಂದು ಗಂಟೆ ಪೂರ್ತಿ ಹೊರೆ ಹಾಕಿ ಮೂರು ಅಂಕಿ ಬರೆದಿಡಿ: ಕೋಣೆ, ನೀರು, ಚಿಪ್. ನೀರು ಕೋಣೆಗಿಂತ 10 ಡಿಗ್ರಿಗೂ ಹೆಚ್ಚು ಮೇಲಿದ್ದರೆ ಕೊರತೆ ರೇಡಿಯೇಟರ್ ಅಥವಾ ಫ್ಯಾನಿನದು. ನೀರು ತಣ್ಣಗಿದ್ದೂ ಗ್ರಾಫಿಕ್ಸ್ ಚಿಪ್ ನೀರಿಗಿಂತ 25 ಡಿಗ್ರಿ ಮೇಲಿದ್ದರೆ ಬ್ಲಾಕ್ ಸರಿಯಾಗಿ ಕೂತಿಲ್ಲ, ಅಥವಾ ಚಿಪ್ಪಿಗೂ ಬ್ಲಾಕಿಗೂ ನಡುವೆ ಹಚ್ಚುವ ಪೇಸ್ಟ್ ಸರಿಯಾಗಿ ಹರಡಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡಲಿಕ್ಕೆಂದೇ ನೀರಿನ ತಾಪಮಾಪಕ ಬೇಕು ಎಂದದ್ದು.

ಮೊದಲ ವಾರದಲ್ಲಿ ಟ್ಯಾಂಕಿನ ಮಟ್ಟ ಒಂದೆರಡು ಬೆರಳು ಇಳಿಯುವುದು ಸಹಜ, ಮೂಲೆಗಳಲ್ಲಿದ್ದ ಗುಳ್ಳೆಗಳು ಹೊರಬರುತ್ತಿರುತ್ತವೆ. ಅದಾದ ಮೇಲೂ ದಿನದಿನಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಪಿಸಿ ಆರಿಸಿ ಹುಡುಕಿ. ಮೂರು ತಿಂಗಳಿಗೊಮ್ಮೆ ಜಾಲರಿ ತೊಳೆದು, ಫ್ಯಾನುಗಳನ್ನು ಕೈಯಿಂದ ಹಿಡಿದು ನಿಲ್ಲಿಸಿ ಬ್ಲೋವರ್‌ನಿಂದ ರೆಕ್ಕೆಗಳ ಧೂಳು ಹಾರಿಸಿ. ವರ್ಷಕ್ಕೊಮ್ಮೆ ನೀರು ಬದಲಿಸುವಾಗ ಹಳೆಯದನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ತಿಳಿಯಾಗಿದ್ದರೆ ಬ್ಲಾಕ್ ಬಿಚ್ಚುವ ಅಗತ್ಯವಿಲ್ಲ. ಮೋಡ ಕವಿದಂತಿದ್ದರೆ ಪೈಪಿನಿಂದ, ಹಸಿರಾಗಿ ಲೋಳೆಯಿದ್ದರೆ ಪಾಚಿಯಿಂದ, ಬೂದುಬಣ್ಣದ ಪುಡಿಯಿದ್ದರೆ ಯಾವುದೋ ಲೋಹ ಕರಗುತ್ತಿದೆ ಎಂದು ತಿಳಿದು, ಬ್ಲಾಕ್ ಬಿಚ್ಚಿ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಕಾಲುವೆಗಳನ್ನು ಉದ್ದಕ್ಕೆ ಉಜ್ಜಿ ತೊಳೆಯಿರಿ. ಮತ್ತೆ ಮುಚ್ಚುವಾಗ ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದನ್ನೇ ಹಾಕಿ, ಗಾಳಿ ಪರೀಕ್ಷೆಯನ್ನು ಮೊದಲ ದಿನದಂತೆಯೇ ಮಾಡಿ.